ಬೆನ್ನುಗಣ್ಣು

ನಮ್ಮೂರಿನಲ್ಲಿ ಮಗನಿಗೆ ಈಜು ಕಲಿಸಿದ ಅಪ್ಪ ಮರುದಿನದಿಂದ ಕೆರೆಯ ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ಸ್ನಾನ ಮಾಡುತ್ತಾನೆ. ಮಗಳಿಗೆ ಹೋಳಿಗೆ ತಟ್ಟುವುದನ್ನು ಹೇಳಿಕೊಟ್ಟ ತಾಯಿಯ ಹೋಳಿಗೆ ಆಮೇಲೆ ಹೆಂಚಿನ ಮೇಲೆಯೇ ಕಿತ್ತುಹೋಗುತ್ತದೆ. ಕೈಯಿಂದ ಕೈಗೆ ಕೊಟ್ಟ ವಿದ್ಯೆ ಕೊಟ್ಟವರ ಬಳಿ ಉಳಿಯುವುದಿಲ್ಲ. ಆದ್ದರಿಂದ ನಮ್ಮ ಅತ್ತೆಯರು ಸೊಸೆಯರಿಗೆ ಏನನ್ನೂ ಬೇಗ ಕಲಿಸುವುದಿಲ್ಲ. ಬೇರೆ ಊರುಗಳಲ್ಲೂ ಕಲಿಸುವುದಿಲ್ಲವಂತೆ, ಆದರೆ ನಮ್ಮವರಿಗೆ ಒಂದು ನೆಪವಾದರೂ ಇದೆ. ಸೈಕಲ್ಲನ್ನು ಮಾತ್ರ ಪಕ್ಕದೂರಿನವರಿಂದ ಕಲಿಯುತ್ತೇವೆ. ಅವರು ಹತ್ತು ಜನಕ್ಕೆ ಕಲಿಸಿ, ಸಿಳ್ಳೆ ಹಾಕುತ್ತಾ ಅದೇ ಸೈಕಲ್ ಹತ್ತಿ ಹೊರಟುಹೋಗುತ್ತಾರೆ. ನಾವು ಅವರನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲುತ್ತೇವೆ.

ಹೀಗಿರುವಲ್ಲಿ ಗರಡಿಮನೆ ನಡೆಸುವುದು ಎಂಥ ಕಷ್ಟ ಎಂಬುದನ್ನು ನೀವೇ ಊಹಿಸಿಕೊಳ್ಳಿ. ನಮ್ಮ ಉಸ್ತಾದ್ ಜವರಯ್ಯನವರ ಬಳಿ ಹದಿನೆಂಟು ದೊಣ್ಣೆವರಸೆಗಳಿದ್ದವು. ವರಸೆ ಕೊಡುವುದಕ್ಕೆ ಒಂದು ಕ್ರಮವಿದೆ. ಕೊಡುವವನು ಪಡೆಯುವವನ ಹಿಂದೆ ನಿಂತು, ಅವನ ಎರಡೂ ಮಣಿಕಟ್ಟು ಹಿಡಿದು, ಆ ವರಸೆಯನ್ನು ಮೂರು ಸಲ ಆಡಿಸುತ್ತಾನೆ. ಪ್ರತಿ ಸಲವೂ ಅವನು ‘ತಗೊ’ ಅನ್ನಬೇಕು, ಪಡೆಯುವವನು ‘ಹೂಂ’ ಅನ್ನಬೇಕು. ಮೂರನೆಯ ಹೂಂ ಆಯಿತೋ, ವರಸೆ ಮೈ ಬದಲಾಯಿಸಿತು ಅಂತಲೇ ಲೆಕ್ಕ. ಆಮೇಲೆ ಪಡೆದವನು ಕೊಟ್ಟವನನ್ನು ಮನೆಗೆ ಕರೆದು ಹತ್ತು ಜನರ ಎದುರು ಊಟ ಹಾಕಬೇಕು. ಇದಕ್ಕೆ ತುಂಬಿದೆಲೆ ಎಂದು ಹೆಸರು. ಕೈ ಖಾಲಿಯಾದವನಿಗೆ ಎಲೆಯಾದರೂ ತುಂಬಿರಲಿ ಎಂದು ಹಿಂದಿನವರು ಮಾಡಿದ್ದು.

ಉಸ್ತಾದರು ಹದಿನೇಳು ವರಸೆಗಳನ್ನು ಹಂಚಿ ಮುಗಿಸಿದ್ದರು. ಅದರಲ್ಲಿ ಐದು ನನ್ನ ಪಾಲಿಗೆ ಬಂದಿದ್ದವು. ಉಳಿದಿದ್ದು ಹದಿನೆಂಟನೆಯದು, ಬೆನ್ನುಗಣ್ಣು. ಹಿಂದಿನಿಂದ ಬರುವ ಏಟನ್ನು ತಿರುಗಿ ನೋಡದೆ ತಡೆಯುವ ವರಸೆ ಅದು. ಐದು ವರಸೆ ಕಲಿತವನಿಗೆ ಆರನೆಯದು ಬರುವುದು ನ್ಯಾಯ ಎಂದು ನಾನು ತಿಳಿದಿದ್ದೆ. ಮೂವತ್ತೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮುದ್ದೆ ಉಂಡು ಬರೋಣವೆಂದು ಮನೆಗೆ ಹೋದೆ. ವಾಪಸು ಬರುವ ಹೊತ್ತಿಗೆ ಉಸ್ತಾದರು ಗರಡಿಯ ಜಗುಲಿಯ ಮೇಲೆ ದೊಣ್ಣೆಯನ್ನು ತಲೆಕೆಳಗಾಗಿ ಹಿಡಿದು ಕೂತಿದ್ದರು. ಒಂದು ಬೀದಿನಾಯಿ ಅವರ ಚಪ್ಪಲಿ ಕಚ್ಚಿಕೊಂಡು ಹೋಗುತ್ತಿತ್ತು. ಓಡಿಸುವುದು ಹೇಗೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಒಳಗೆ, ಕುಸ್ತಿಯಾಡುವ ಮಟ್ಟಿಯ ಮಣ್ಣಿಗೆ ಮಜ್ಜಿಗೆ ಚಿಮುಕಿಸಲು ಬಂದಿದ್ದ ಬೋರಲಿಂಗ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಾ ನಿಂತಿದ್ದ. ಅವನ ಬಳಿ ಅದಕ್ಕೆ ಮೊದಲು ಒಂದೇ ಒಂದು ವರಸೆಯಿತ್ತು, ಅದೂ ಮಕ್ಕಳಾಡುವಂಥದ್ದು.

‘ಹೊಟ್ಟೆಕಿಚ್ಚು’ ಎಂಬ ಪದ ಮಾಡಿದವರಿಗೆ ಅಂಗರಚನೆ ಸರಿಯಾಗಿ ತಿಳಿದಿರಲಿಲ್ಲ. ನನ್ನ ಕಿಚ್ಚು ಇದ್ದದ್ದು ಕಣ್ಣಿನಲ್ಲಿ. ಬೋರಲಿಂಗ ಊರಿಗೆ ನೀರು ಬಿಡುವ ಕೆಲಸದವನು. ಟ್ಯಾಂಕಿನ ಕೆಳಗಿನ ಪಂಪ್‌ಮನೆಯಲ್ಲಿ ಕೂತು ಬೀದಿಬೀದಿಯ ವಾಲ್ವು ತಿರುಗಿಸುತ್ತಾನೆ. ನೀರು ಬಿಡುವವನನ್ನು ಯಾವ ಊರು ಪ್ರೀತಿಸುವುದಿಲ್ಲ? ನಾನು ಊರ ಗ್ರಂಥಾಲಯ ನೋಡಿಕೊಳ್ಳುವವನು. ಪುಸ್ತಕ ಬಿಡುವವನಿಗಾಗಿ ಯಾರೂ ಬಿಂದಿಗೆ ಹಿಡಿದು ಕಾಯುವುದಿಲ್ಲ. ಇದರ ಮೇಲೆ ಪ್ರತಿ ಆಯುಧಪೂಜೆಯ ದಿನ ಗರಡಿಯ ಮುಂದೆ ಬೆನ್ನುಗಣ್ಣಿನ ಪ್ರದರ್ಶನ. ಬೋರಲಿಂಗ ಕಣ್ಣು ಮುಚ್ಚಿ ನಿಲ್ಲುವುದು, ಯಾರೋ ಹಿಂದಿನಿಂದ ನಿಂಬೆಹಣ್ಣು ಎಸೆಯುವುದು, ಅವನ ದೊಣ್ಣೆ ಭುಜದ ಮೇಲಿಂದ ಹಿಂದಕ್ಕೆ ಹೋಗಿ ಹಣ್ಣನ್ನು ಎರಡು ಹೋಳು ಮಾಡುವುದು, ಊರು ಹೋ ಅನ್ನುವುದು. ಎಲ್ಲರೂ ಅವನ ಮುಂದೆ ನಿಂತು ನೋಡುತ್ತಿದ್ದರು. ನಾನು ಮಾತ್ರ ಯಾವಾಗಲೂ ಹಿಂದೆ. ಅವನ ಎರಡು ಭುಜಗಳ ನಡುವೆ ಕಣ್ಣಿಟ್ಟರೆ ಎಡಭುಜ ಎಷ್ಟು ಇಳಿಯುತ್ತದೆ, ಹಿಮ್ಮಡಿ ಯಾವಾಗ ಏಳುತ್ತದೆ ಎಲ್ಲ ಕಾಣುತ್ತದೆ. ಹಾಗೆ ನಾನು ನೋಡುತ್ತಿದ್ದಾಗಲೆಲ್ಲ ಬೋರಲಿಂಗ ದೊಣ್ಣೆಯ ತುದಿಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ. ಸ್ವಚ್ಛತೆ ಕಡಿಮೆ ಎಂದುಕೊಂಡಿದ್ದೆ.

ನೋಡಿ ಕಲಿಯಬಹುದು ಎಂಬ ಆಸೆ ಇತ್ತು. ಒಂದು ಭಾನುವಾರ ನನ್ನ ಹೆಂಡತಿ ಚೆಲುವಾಂಬೆಯ ಕೈಗೆ ಆರು ನಿಂಬೆಹಣ್ಣು ಕೊಟ್ಟು, ತಾರಸಿಯ ಮೇಲೆ ಬೆನ್ನು ತೋರಿಸಿ ನಿಂತೆ. ಆರೂ ಬಿದ್ದವು, ಆರೂ ಒಂದೇ ಜಾಗಕ್ಕೆ.

“ನಿಮ್ಮ ಬೆನ್ನಿಗಿರೋದು ಕಣ್ಣಲ್ಲ ಕಣ್ರೀ, ಗೋಡೆ,” ಎಂದು ಅವಳು ಅವನ್ನೆಲ್ಲ ಆರಿಸಿಕೊಂಡು ಹೋಗಿ ಉಪ್ಪಿನಕಾಯಿ ಹಾಕಿದಳು. ಆ ಉಪ್ಪಿನಕಾಯಿಯನ್ನು ಒಂದು ವರ್ಷ ತಿಂದೆ.

ವಯಸ್ಸು ಐವತ್ತೆಂಟು ದಾಟಿದರೂ ಬೋರಲಿಂಗ ಬೆನ್ನುಗಣ್ಣನ್ನು ಯಾರಿಗೂ ಕೊಡಲಿಲ್ಲ. ಇಟ್ಟುಕೊಂಡೇ ಸತ್ತರೆ ವರಸೆಯೂ ಅವನೊಂದಿಗೇ ಮಣ್ಣಿಗೆ ಹೋಗುತ್ತದೆ. ಊರು ಚಿಂತೆ ಮಾಡತೊಡಗಿತು. ನನಗೂ ಚಿಂತೆಯಿತ್ತು, ಬೇರೆ ಥರದ್ದು. ಆಗಲೇ ಪತ್ರಿಕೆಯಲ್ಲಿ ಓದಿದೆ: ನಗರದ ಒಂದು ಸಂಸ್ಥೆಯವರು ಹಳೆಯ ಯುದ್ಧವಿದ್ಯೆ, ಕುಣಿತ, ಬಯಲಾಟದ ಹೆಜ್ಜೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹಿಡಿದಿಡುತ್ತಾರಂತೆ. ಆಡುವವನ ಮೈಯ ಕೀಲುಕೀಲಿನ ಚಲನೆಯೂ ಅದರೊಳಗೆ ಇಳಿಯುತ್ತದಂತೆ. ‘ಇಳಿಯುತ್ತದೆ’ ಎಂಬ ಶಬ್ದದ ಮೇಲೆ ನನ್ನ ಬೆರಳು ನಿಂತಿತು. ಇಳಿಯಿತು ಅಂದರೆ ಇಲ್ಲಿಂದ ಹೋಯಿತು ಅಂತ ತಾನೆ? ಅವತ್ತೇ ಗ್ರಂಥಾಲಯದ ಮೊಹರು ಹಾಕಿ, ನಮ್ಮ ಪರಂಪರೆ ಅಳಿವಿನ ಅಂಚಿನಲ್ಲಿದೆಯೆಂದು ಎರಡು ಪುಟದ ಕಾಗದ ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾದ ಗದ್ಯ ಬರೆದಿಲ್ಲ.

ಒಂದು ವ್ಯಾನಿನಲ್ಲಿ ಹದಿನಾರು ಕ್ಯಾಮೆರಾಗಳೊಂದಿಗೆ ಸೌಗಂಧಿಕಾ ಎಂಬ ಹುಡುಗಿ ಬಂದಳು. ಕನ್ನಡಕ, ಹೆಗಲಿಗೊಂದು ಚೀಲ, ಎಲ್ಲರಿಗೂ ‘ಸರ್’. ಅವಳ ಜೊತೆ ಒಂದು ಕಪ್ಪು ಉಡುಪೂ ಬಂದಿತ್ತು, ಮೈಗಂಟುವಂಥದ್ದು. ಅದರ ತುಂಬ ಗೋಲಿ ಗಾತ್ರದ ಬಿಳಿ ಗುಂಡುಗಳು. ಕ್ಯಾಮೆರಾಗಳಿಗೆ ಮನುಷ್ಯ ಕಾಣುವುದಿಲ್ಲವಂತೆ, ಆ ಗುಂಡುಗಳು ಮಾತ್ರ ಕಾಣುತ್ತವಂತೆ.

ಗರಡಿಯ ಜಗುಲಿಯ ಮೇಲೆ ಪಂಚಾಯ್ತಿ ಸೇರಿತು. ಇದ್ದದ್ದು ಒಂದೇ ಪ್ರಶ್ನೆ: ಕಂಪ್ಯೂಟರು ಶಿಷ್ಯನೋ ಅಲ್ಲವೋ? ಶಿಷ್ಯನಾದರೆ ಅದಕ್ಕೆ ಕೊಟ್ಟದ್ದು ಬೋರಲಿಂಗನ ಕೈಬಿಟ್ಟು ಹೋಗುತ್ತದೆ.

“ನಿಂಗಜ್ಜಿ ಸೋಬಾನೆ ಪದನ ಟೇಪ್ ಮಾಡ್ಕೊಂಡು ಹೋದ್ರಲ್ಲ, ಆಮೇಲೆ ಅಜ್ಜಿ ಒಂದು ಪದ ಹಾಡಿದ್ಲಾ?” ಎಂದರು ಗರಡಿಯ ಹಿರಿಯ ಮಾಯಿಗಯ್ಯ.

“ಅಜ್ಜಿಗೆ ಅದೇ ವರ್ಷ ಹಲ್ಲು ಬಿದ್ದೋಯ್ತು ತಾತ,” ಎಂದಳು ನಿಂಗಜ್ಜಿಯ ಮೊಮ್ಮಗಳು.

“ಹಲ್ಲೂ ಟೇಪ್‌ಗೆ ಹೋಗಿರ್ಬೋದು,” ಎಂದರು ಮಾಯಿಗಯ್ಯ.

ನಾನು ಎದ್ದು ನಿಂತೆ. ಯಂತ್ರಕ್ಕೆ ಮಣಿಕಟ್ಟಿಲ್ಲ, ಬಾಯಿಲ್ಲ, ಅದು ಹೂಂ ಅನ್ನುವುದಿಲ್ಲ, ಆದ್ದರಿಂದ ಅದು ಶಿಷ್ಯನಾಗಲಾರದು ಎಂದು ವಾದಿಸಿದೆ. ಹೋದರೂ ಏನು, ಕಲೆ ವ್ಯಕ್ತಿಗಿಂತ ದೊಡ್ಡದು, ಮುಂದಿನ ಪೀಳಿಗೆ ನಮ್ಮನ್ನು ಕ್ಷಮಿಸುವುದಿಲ್ಲ ಎಂದೆಲ್ಲ ಹೇಳಿದೆ. ಮೊದಲನೆಯ ಭಾಗವನ್ನು ನಾನು ನಂಬಿರಲಿಲ್ಲ. ಎರಡನೆಯ ಭಾಗವನ್ನು ಯಾರೂ ನಂಬುವುದಿಲ್ಲ, ಆದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ತಟ್ಟಿದರು.

ಬೋರಲಿಂಗ ನನಗೆ ಬೆನ್ನು ಮಾಡಿ ಕೂತಿದ್ದ. ತಿರುಗದೆಯೇ ನನ್ನ ಕಡೆ ಹೆಬ್ಬೆರಳು ತೋರಿಸಿ ಹೇಳಿದ: “ಗುರುಸಿದ್ದ ಓದ್ಕೊಂಡವ್ನೆ. ಅವ್ನು ಹೇಳ್ದ ಅಂದ್ರೆ ಯೋಚ್ನೆ ಮಾಡೇ ಹೇಳಿರ್ತಾನೆ. ಆಗ್ಲಿ ಬುಡಿ.” ಹೇಳಿ ಬೆನ್ನು ಕೆರೆದುಕೊಂಡ.

ಚಿತ್ರೀಕರಣದ ದಿನ ಗರಡಿಯ ಮಟ್ಟಿಯ ಮೇಲೆ ರಬ್ಬರು ಚಾಪೆ ಹಾಸಿ, ಸುತ್ತ ಕ್ಯಾಮೆರಾ ನಿಲ್ಲಿಸಿದರು. ಕಿಟಕಿ ಬಾಗಿಲುಗಳಲ್ಲೆಲ್ಲ ಊರು ತುಂಬಿಕೊಂಡಿತ್ತು. ಕೆಳಗಿನ ಬೀದಿಗೆ ನೀರು ಬಿಟ್ಟು ಬೋರಲಿಂಗ ಬರುವ ಹೊತ್ತಿಗೆ ಹನ್ನೊಂದು ಗಂಟೆ. ಸೌಗಂಧಿಕಾ, ಕ್ಯಾಮೆರಾ ಹೊಂದಿಸಿಕೊಳ್ಳಬೇಕು, ಮೊದಲು ಬೇರೆ ಯಾರಾದರೂ ಉಡುಪು ಹಾಕಿಕೊಂಡರೆ ಒಳ್ಳೆಯದು ಎಂದಳು.

“ಗುರುಸಿದ್ದಂಗೆ ಹಾಕಿ ತಾಯಿ. ಅವ್ನೂ ನಾನೂ ಒಂದೇ ಎತ್ರ,” ಎಂದ ಬೋರಲಿಂಗ.

ಎತ್ತರ ಒಂದೇ ಇರಬಹುದು, ಸುತ್ತಳತೆ ಬೇರೆ. ಆ ಕಪ್ಪು ಉಡುಪಿನಲ್ಲಿ ನಾನು ಹೊರಗೆ ಬಂದಾಗ ಕಿಟಕಿಯಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. “ಹುಣಸೆಬೀಜಕ್ಕೆ ಸಕ್ಕರೆ ಮೆತ್ತಿದಂಗವ್ನೆ,” ಎಂದು ಯಾರೋ ಹೇಳಿದ್ದು ನನಗೆ ಕೇಳಿಸಿತು. ನನಗೆ ಎಲ್ಲವೂ ಕೇಳಿಸುತ್ತದೆ. ಇರಲಿ, ಇನ್ನರ್ಧ ಗಂಟೆಯಲ್ಲಿ ನಗುವವರು ಯಾರು ನೋಡೋಣ ಎಂದುಕೊಂಡೆ.

“ಸರ್, ಆ ಚಲನೆ ಹೇಗಿರುತ್ತೆ ಅಂತ ಸುಮ್ನೆ ಒಂದ್ಸಲ ತೋರಿಸ್ತೀರಾ? ಗುಂಡುಗಳು ಎಲ್ಲೂ ಮರೆಯಾಗಬಾರದು,” ಎಂದಳು ಸೌಗಂಧಿಕಾ.

“ನನಗೆ ಬರುವುದಿಲ್ಲ,” ಎಂದೆ. ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ನಾನು ಹಿಂದೆ ನಿಂತ್ಕೊಂಡು ಆಡಿಸ್ತೀನಿ ಬುಡಿ,” ಎಂದು ಬೋರಲಿಂಗ ನನ್ನ ಬೆನ್ನ ಹಿಂದೆ ಬಂದು ಎರಡೂ ಮಣಿಕಟ್ಟು ಹಿಡಿದ. ವಾಲ್ವು ತಿರುಗಿಸಿ ತಿರುಗಿಸಿ ಒರಟಾದ ಅಂಗೈ.

“ಟೇಕ್ ಒಂದು. ರೆಡೀನಾ ಸರ್?”

“ಟೇಕ್ ಅಂದ್ರೇನು ತಾಯಿ?” ಎಂದ ಅವನು.

ಅವಳು ಪರದೆಯಿಂದ ಕಣ್ಣೆತ್ತದೆ, “ಟೇಕ್ ಅಂದ್ರೆ... ತಗೊಳ್ಳೋದು,” ಎಂದಳು.

“ಓಹೋ. ತಗೊ,” ಎಂದ ಬೋರಲಿಂಗ ನನ್ನ ಕಿವಿಯ ಬಳಿ. ಎಲ್ಲರೂ ನಕ್ಕರು.

“ಅದು ಆ ಅರ್ಥದಲ್ಲಲ್ಲ ಕಣೋ. ಚಿತ್ರೀಕರಣದ ಪರಿಭಾಷೆ,” ಎಂದೆ ನಾನು. ಪರಿಭಾಷೆಯ ವಿಚಾರದಲ್ಲಿ ಸುಮ್ಮನಿರಲು ನನಗೆ ಆಗುವುದಿಲ್ಲ.

“ಸರ್, ರೆಡೀನಾ?”

“ಹೂಂ,” ಎಂದೆ.

ಅವನು ನನ್ನ ಕೈಗಳನ್ನು ಆಡಿಸಿದ. ಎಡಭುಜ ಇಳಿಯಿತು, ಹಿಮ್ಮಡಿ ಎದ್ದಿತು, ದೊಣ್ಣೆ ಹಿಂದಕ್ಕೆ ಹೋಗಿ ಬಂತು. ಒಂದು ಕ್ಯಾಮೆರಾ ಸರಿಯಿಲ್ಲವೆಂದು ಅವಳು ಮತ್ತೆ “ಟೇಕ್ ಎರಡು” ಎಂದಳು. “ತಗೊ,” ಎಂದು ಅವನು ಅದಕ್ಕೆ ಅನುವಾದ ಕೊಟ್ಟ. ಅವಳು ರೆಡೀನಾ ಅಂದಳು, ನಾನು ಹೂಂ ಅಂದೆ. ನನ್ನ ಮನಸ್ಸು ಅಲ್ಲಿರಲೇ ಇಲ್ಲ. ಅವನು ಉಡುಪು ತೊಟ್ಟಾಗ ಅವಳು ಎಷ್ಟು ಟೇಕು ತೆಗೆಯುತ್ತಾಳೆ, ಯಾವ ಟೇಕಿನಲ್ಲಿ ಅವನ ದೊಣ್ಣೆ ತಪ್ಪುತ್ತದೆ ಎಂದು ಎಣಿಸುತ್ತಿದ್ದೆ. ಮೂರನೆಯದಕ್ಕೂ ಹೂಂ ಅಂದೆ. ಮಣಿಕಟ್ಟು ಬಿಟ್ಟು ಬೋರಲಿಂಗ ಉದ್ದಕ್ಕೆ ಉಸಿರುಬಿಟ್ಟ.

ಆಮೇಲೆ ಅವನ ಸರದಿ. ನಿಂಬೆಹಣ್ಣು ಎಸೆಯುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ಕಪ್ಪು ಉಡುಪಿನಲ್ಲಿ ಅವನು ಕಣ್ಣು ಮುಚ್ಚಿ ನಿಂತ. ಎಸೆದೆ.

ಪಟ್ ಎಂದು ಹಣ್ಣು ಅವನ ಎರಡು ಭುಜಗಳ ನಡುವೆ ಬಡಿಯಿತು.

ಎರಡನೆಯದೂ ಅಲ್ಲಿಗೇ. ಮೂರನೆಯದಕ್ಕೆ ಅವನು ದೊಣ್ಣೆಯನ್ನೇನೋ ಎತ್ತಿದ, ಅದು ಅವನ ಕಿವಿಗೇ ತಾಗಿತು. ಮಾಯಿಗಯ್ಯ ತಲೆಯ ಮೇಲೆ ಕೈಯಿಟ್ಟುಕೊಂಡರು. “ಹೊಂದಿಸ್ಕೋತಾ ಹೊಂದಿಸ್ಕೋತಾನೇ ಎಳ್ಕೊಂಡ್‌ಬುಡ್ತು ಕನಪ್ಪೋ ಮಿಷನ್ನು!” ಹೆಂಗಸರು ಕಣ್ಣೊರೆಸಿಕೊಂಡರು. ಸೌಗಂಧಿಕಾಗೆ ಏನಾಯಿತೆಂದೇ ತಿಳಿಯಲಿಲ್ಲ. “ಪರವಾಗಿಲ್ಲ ಸರ್, ಇನ್ನೊಂದ್ಸಲ ಮಾಡೋಣ,” ಅನ್ನುತ್ತಲೇ ಇದ್ದಳು.

ನಾನು ದುಃಖದ ಮುಖ ಮಾಡಿಕೊಂಡು ಉದ್ದದ ದಾರಿ ಹಿಡಿದು ಮನೆಗೆ ಹೊರಟೆ. ಆ ‘ಪಟ್’ ಎಂಬ ಸದ್ದನ್ನು ನಾಲಿಗೆಯ ಮೇಲೆ ಕಲ್ಲುಸಕ್ಕರೆಯಂತೆ ಇಟ್ಟುಕೊಂಡಿದ್ದೆ. ಹೆಂಡತಿಗೆ ಎರಡು ಮೊಳ ಮಲ್ಲಿಗೆ ಕೊಂಡೆ. ಅಂಥದ್ದು ನಾನು ಮಾಡಿ ಎಷ್ಟು ಕಾಲವಾಗಿತ್ತೋ, ಹೂವಿನವಳೇ ಒಮ್ಮೆ ಮುಖ ನೋಡಿದಳು.

ಸುದ್ದಿ ಮಲ್ಲಿಗೆಗಿಂತ ಮೊದಲೇ ಮನೆ ಸೇರಿತ್ತು. ಚೆಲುವಾಂಬೆ ಅಡುಗೆಮನೆಯಲ್ಲಿ ಹಣ್ಣು ಹಿಂಡುತ್ತಿದ್ದಳು. “ಆ ಮನುಷ್ಯನ್ನ ಬರಿಗೈ ಮಾಡಿ, ನನಗೆ ಹೂ ತಂದ್ರಾ? ಕಾಗದ ಬರೆದೋರು ಯಾರು ಅಂತ ನನಗೆ ಗೊತ್ತಿಲ್ವಾ?”

“ಕಲೆ ವ್ಯಕ್ತಿಗಿಂತ ದೊಡ್ಡದು,” ಎಂದು ನಾನು ಕೊಡೆ ನೇತುಹಾಕಲು ಗೋಡೆಯ ಕಡೆ ತಿರುಗಿದೆ. ಅವಳಿಗೆ ರೇಗಿಹೋಯಿತು. ಕೈಯಲ್ಲಿದ್ದ ಇಡೀ ನಿಂಬೆಹಣ್ಣನ್ನೇ ನನ್ನ ಬೆನ್ನಿಗೆ ಬೀಸಿ ಒಗೆದಳು.

ಒಗೆದಳೆಂದು ನನಗೆ ಗೊತ್ತಾದದ್ದು ಬೆನ್ನಿನಿಂದ. ಎಡಭುಜ ತಾನಾಗಿ ಇಳಿಯಿತು. ಹಿಮ್ಮಡಿ ಎದ್ದಿತು. ಕೊಡೆ ನನ್ನನ್ನು ಕೇಳದೆ ಭುಜದ ಮೇಲಿಂದ ಹಿಂದಕ್ಕೆ ಹೋಯಿತು, ಹಣ್ಣು ಕಿಟಕಿಯಿಂದ ಹಾರಿ ಪಕ್ಕದ ಮನೆಯ ಬಾವಿಗೆ ಬಿದ್ದ ಸದ್ದು ಕೇಳಿಸಿತು.

ಚೆಲುವಾಂಬೆ ಕಿಟಕಿಯನ್ನೊಮ್ಮೆ, ಕೊಡೆಯನ್ನೊಮ್ಮೆ ನೋಡಿದಳು.

“ಇನ್ನೊಂದ್ಸಲ ಆ ಕಡೆ ತಿರುಗಿ ನಿಂತ್ಕೊಳ್ಳಿ,” ಎಂದಳು. ಮನೆಯಲ್ಲಿ ಇನ್ನೂ ಆರು ಹಣ್ಣಿದ್ದವು. ಆರೂ ಸಿಡಿದು ಹೋಳಾದವು. ಅವಳು ನೆಲ ಒರೆಸುತ್ತಾ ಹೇಳಿದಳು: “ಉಪ್ಪಿನಕಾಯಿಗೂ ಬಾರದಂಗಾಯ್ತು.”

ಮರುದಿನ ಬೆಳಿಗ್ಗೆ ಪಂಪ್‌ಮನೆಗೆ ಹೋದೆ. ಬೋರಲಿಂಗ ಒಂದು ಮಗ್ಗುಲಿಗೆ ಒರಗಿ ಬೀಡಿ ಸೇದುತ್ತಿದ್ದ. ನಾನು ಹಿಂದಿನಿಂದ ಹೋದೆ. ಅವನಿಗೆ ತಿಳಿಯಲಿಲ್ಲ. “ಬೋರಲಿಂಗ” ಅಂದಾಗ ಬೆಚ್ಚಿಬಿದ್ದ.

“ಮಟ್ಟಿಯ ಮೇಲಲ್ಲ, ರಬ್ಬರು ಚಾಪೆಯ ಮೇಲೆ! ಆ ಕೋತಿ ವೇಷ ಹಾಕಿಸಿ! ಹೇಳದೆ ಕೇಳದೆ ಕೊಡುವುದು ಎಲ್ಲಿಯ ನ್ಯಾಯ?” ಎಂದೆ.

“ಹೇಳ್ದೆ ಎಲ್ಲಿ ಕೊಟ್ಟೆ? ನಾನು ಮೂರ್ ಸಲ ತಗೊ ಅಂದೆ, ನೀನು ಮೂರ್ ಸಲ ಹೂಂ ಅಂದೆ. ಊರೇ ಕೇಳಿಸ್ಕೊಂಡು ನಗ್ತಿತ್ತು.”

“ಯಾಕೆ ಕೊಟ್ಟೆ?”

“ಕೇಳ್ತೀಯ ಅಂತ ಕಾದೆ ಕಣಯ್ಯ. ನೀನೋ ಕೇಳೋ ಜಾತಿ ಅಲ್ಲ, ನೋಡೋ ಜಾತಿ.” ಅವನು ಬೀಡಿ ಆರಿಸಿದ. “ಬೆನ್ನುಗಣ್ಣು ಅಂದ್ರೆ ಬರೀ ನಿಂಬೆಹಣ್ಣು ಅಂದ್ಕೊಂಡಿದ್ಯಾ? ಹಿಂದಿಂದ ಏನು ಬಂದ್ರೂ ಗೊತ್ತಾಯ್ತದೆ. ನೀನು ನೋಡ್ದಾಗೆಲ್ಲ ನನ್ನ ಬೆನ್ನು ಒಲೆ ಮುಂದೆ ಕುಂತಂಗೆ ಕಾಯ್ತಿತ್ತು. ಮೂವತ್ತೊಂದು ವರ್ಸ. ಬೇಸ್ಗೆಲಿ ಅಂಗಿ ಹಾಕಾಕಾಗ್ತಿರ್ಲಿಲ್ಲ. ನಿನ್ನೆ ಮಧ್ಯಾಹ್ನ ಮನೆಗೋಗಿ ಮಲಗಿದೆ ನೋಡು, ಎಂಥಾ ತಂಪು ಅಂತೀಯ!”

ನನಗೆ ಬೇಕಾಗಿದ್ದದ್ದು ಅದಲ್ಲ. ಮೂವತ್ತೊಂದು ವರ್ಷ ಗಂಟಲಿನಲ್ಲಿದ್ದ ಪ್ರಶ್ನೆಯನ್ನೇ ಕೇಳಿದೆ. “ಉಸ್ತಾದರು ಅವತ್ತು ನಿನಗೆ ಯಾಕೆ ಕೊಟ್ಟರು?”

ಅವನು ಹೇಳಲೋ ಬೇಡವೋ ಎಂಬಂತೆ ವಾಲ್ವನ್ನು ಅರ್ಧ ಸುತ್ತು ತಿರುಗಿಸಿದ. ಯಾವುದೋ ಬೀದಿಗೆ ನೀರು ಹೋಯಿತು.

“ನಾನೂ ಕೇಳ್ದೆ. ಗುರುಸಿದ್ದ ನನಗಿಂತ ಚೆಂದಾಗಿ ಆಡ್ತಾನಲ್ಲ ಉಸ್ತಾದ್ರೇ ಅಂದೆ. ಅದಕ್ಕವ್ರು, ‘ಈ ವರಸೆ ಉಳೀಬೇಕು ಅಂದ್ರೆ ಬೆನ್ ಹಿಂದೆ ಒಬ್ಬ ಉರೀತಾ ನಿಂತಿರ್ಬೇಕು, ಇಲ್ದಿದ್ರೆ ಮೊಂಡಾಯ್ತದೆ. ನಿನ್ ಹಿಂದೆ ಅವ್ನವ್ನೆ. ಅವ್ನ್ ಹಿಂದೆ ಯಾರವ್ರೆ?’ ಅಂದ್ರು.”

ನಾನು ಅಲ್ಲಿಂದ ಬಂದುಬಿಟ್ಟೆ. ಉಸ್ತಾದರು ಅಕ್ಷರ ಬಾರದವರು. ಅಷ್ಟು ಅಚ್ಚುಕಟ್ಟಾದ ವಾಕ್ಯ ಅವರ ಬಾಯಿಂದ ಬರುವುದು ಸಾಧ್ಯವಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ವಾದಿಸಿಕೊಂಡೆ. ಸಾಧ್ಯವಿತ್ತು.

ತುಂಬಿದೆಲೆ ಹಾಕದೆ ವಿಧಿಯಿರಲಿಲ್ಲ. ಪಡೆದು ಊಟ ಹಾಕದವನ ಕೈ ಮರಗಟ್ಟುತ್ತದೆ ಎಂಬ ಮಾತಿದೆ, ಅದಕ್ಕಿಂತ ಹೆಚ್ಚಾಗಿ ಚೆಲುವಾಂಬೆ ಇದ್ದಳು. ಭಾನುವಾರ ಮಧ್ಯಾಹ್ನ ನಮ್ಮ ತಾರಸಿಯ ಮೇಲೆ ಚಪ್ಪರ ಹಾಕಿ ಊರನ್ನು ಕರೆದೆವು. ವರಸೆ ಯಂತ್ರಕ್ಕೆ ಹೋಗಿಲ್ಲ, ನನಗೆ ಬಂದಿದೆ ಎಂದು ಹೇಳಿದಾಗ ಜನ ಹೊಟ್ಟೆ ಉರಿದುಕೊಳ್ಳುತ್ತಾರೆಂದು ಕಾದೆ. ಅವರು ಖುಷಿಪಟ್ಟರು. “ಸದ್ಯ, ಊರಲ್ಲೇ ಉಳೀತಲ್ಲ!” ಎಂದು ಮಾಯಿಗಯ್ಯ ನನ್ನ ಬೆನ್ನು ತಟ್ಟಲು ಬಂದರು. ನನ್ನ ಮೊಣಕೈ ತಾನಾಗಿ ಎದ್ದು ಅವರ ಕೈ ತಡೆಯಿತು.

ಸೌಗಂಧಿಕಾ ತನ್ನ ಲ್ಯಾಪ್‌ಟಾಪಿನೊಂದಿಗೆ ಬಂದಿದ್ದಳು. “ಸರ್, ಬೋರಲಿಂಗ ಸರ್ ಮಾಡಿದ ಟೇಕ್‌ಗಳಲ್ಲಿ ಬರೀ ಏಟು ತಿಂದಿದ್ದೇ ಬಂದಿದೆ. ಆದರೆ ಮೊದಲು ಹೊಂದಿಸೋಕೆ ಅಂತ ನಿಮಗೆ ಹಾಕಿದ್ವಲ್ಲ, ಅದರಲ್ಲಿ ಮೂರನೇ ಟೇಕ್ ಅದ್ಭುತವಾಗಿದೆ. ಅದನ್ನೇ ಇಟ್ಕೊಂಡಿದೀವಿ,” ಎಂದು ಪರದೆಯನ್ನು ಜನರ ಕಡೆ ತಿರುಗಿಸಿದಳು. ಕತ್ತಲ ನಡುವೆ ಬಿಳಿ ಚುಕ್ಕಿಗಳ ಒಬ್ಬ ಮನುಷ್ಯ. ಹೊಟ್ಟೆ ಸ್ವಲ್ಪ ಮುಂದೆ. ಎಡಭುಜ ಇಳಿಯಿತು, ಹಿಮ್ಮಡಿ ಎದ್ದಿತು, ದೊಣ್ಣೆ ಗೆರೆ ಎಳೆದಂತೆ ಹಿಂದಕ್ಕೆ ಹೋಗಿ ಬಂತು. ಮಣಿಕಟ್ಟು ಹಿಡಿದಿದ್ದ ಬೋರಲಿಂಗನ ಮೈಮೇಲೆ ಗುಂಡುಗಳಿರಲಿಲ್ಲವಾದ್ದರಿಂದ ಅವನು ಅದರಲ್ಲಿ ಇರಲೇ ಇಲ್ಲ. ಚುಕ್ಕಿಮನುಷ್ಯನ ಹಿಂದೆ ಬರೀ ಕಪ್ಪು.

“ಆಹಾ! ಬೋರಲಿಂಗನ ಕೈ ಅಂದ್ರೆ ಕೈ,” ಎಂದರು ಜನ. ಕೆಳಗೆ ಹೆಸರೂ ಅವನದೇ ಇತ್ತು.

“ಹೆಸರು ಬದಲಾಯಿಸ್ಲಾ ಸರ್?” ಎಂದು ಸೌಗಂಧಿಕಾ ಮೆಲ್ಲಗೆ ಕೇಳಿದಳು. ಬೇಡವೆಂದೆ. ಯಾಕೆ ಹಾಗೆ ಹೇಳಿದೆನೋ ಈಗಲೂ ಸರಿಯಾಗಿ ತಿಳಿದಿಲ್ಲ.

ಎಲೆ ಹಾಕಿದೆವು. ಬೋರಲಿಂಗನನ್ನು ಮೊದಲ ಎಲೆಗೆ ಕೂರಿಸಿದೆ. ಖಾಲಿಯಾದವನಿಗೆ ನಮ್ಮೂರು ಕೊಡುವ ಮರ್ಯಾದೆಯನ್ನು ಹಿಂದೆ ನಾನು ಸರಿಯಾಗಿ ಗಮನಿಸಿರಲಿಲ್ಲ. ಬಂದವರೆಲ್ಲ ಅವನಿಗೆ ಕೈಮುಗಿದು ಹೋಗಿ ಕೂರುತ್ತಿದ್ದರು. ನಾನು ಪಲ್ಯದ ಪಾತ್ರೆ ಹಿಡಿದು, ಬೇಕೆಂದೇ ಇಡೀ ಪಂಕ್ತಿಗೆ ಬೆನ್ನು ಮಾಡಿ ನಿಂತೆ. ಎಪ್ಪತ್ತು ಜನ. ಯಾರಾದರೂ ಒಬ್ಬರು, ಬೆಂಕಿಕಡ್ಡಿಯ ತುದಿಯಷ್ಟಾದರೂ, ನನ್ನನ್ನು ನೋಡಿ ಉರಿಯುತ್ತಿರಬಹುದೆಂದು ಕಾದೆ. ಸಾರಿನ ಘಮ, ಮಾತು, ಎಲೆಯ ಮೇಲೆ ಅನ್ನ ಬೀಳುವ ಸದ್ದು. ಬೆನ್ನು ತಣ್ಣಗಿತ್ತು.

ತಿರುಗಿದೆ. ಚೆಲುವಾಂಬೆ ಬೋರಲಿಂಗನ ಹೋಳಿಗೆಗೆ ಎರಡನೆಯ ಸಲ ತುಪ್ಪ ಬಡಿಸುತ್ತಿದ್ದಳು. ನನಗೆ ಇನ್ನೂ ಎಲೆಯೇ ಹಾಕಿರಲಿಲ್ಲ. ನನಗೆ ಬೆನ್ನು ಬರುವಂತೆ ಅವಳ ಕಡೆ ಹೊರಳಿ ಅವನು ಏನೋ ಹೇಳಿದ, ಅವಳು ನಕ್ಕಳು, ಅಕ್ಕಪಕ್ಕದವರೂ ನಕ್ಕರು. ನನ್ನ ಕಣ್ಣು ತನ್ನ ಹಳೆಯ ಜಾಗಕ್ಕೆ, ಅವನ ಎರಡು ಭುಜಗಳ ನಡುವೆ, ತಾನಾಗಿ ಹೋಗಿ ಕೂತಿತು. ಬಹಳ ಹೊತ್ತು, ಇದ್ದ ಬಲವನ್ನೆಲ್ಲ ಹಾಕಿ ನೋಡಿದೆ. ಬೋರಲಿಂಗ ಬೆನ್ನು ಕೆರೆದುಕೊಳ್ಳಲಿಲ್ಲ.